ಸಹಾಯ ಬೇಕು: ಬೆಳ್ಳಿ ಲೇಪಿಸಿದ ಪ್ಲಾಸ್ಟಿಕ್ ಫೈಬರ್ ಸೆನ್ಸರ್

ಮ್ಯೂಸಿಯಂ ಕಪಾಟಿನೊಳಗೆ ತಿಂಗಳುಗಟ್ಟಲೆ ಸೇರುವ ಹೈಡ್ರೋಜನ್ ಸಲ್ಫೈಡ್‌ನ ಒಟ್ಟು ಪ್ರಭಾವ ತಿಳಿಯಲು 1 ಮಿ.ಮೀ. ದಪ್ಪದ ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಫೈಬರ್, ಅಂದರೆ ಬೆಳಕು ಸಾಗಿಸುವ ಎಳೆ, ಬಳಸುತ್ತಿದ್ದೇವೆ. ನಡುವೆ 5 ಸೆಂ.ಮೀ. ಉದ್ದಕ್ಕೆ ಕ್ಲ್ಯಾಡಿಂಗ್ (ಹೊರಪದರ) ತೆಗೆದು ತೆಳುವಾಗಿ ಬೆಳ್ಳಿ ಲೇಪಿಸಿದ್ದೇವೆ. ಬೆಳ್ಳಿ ಸಲ್ಫೈಡ್ ಆಗಿ ಕಪ್ಪಾದಂತೆಲ್ಲ ದಾಟಿಬರುವ ಬೆಳಕು ಬದಲಾಗುತ್ತದೆ. ಒಮ್ಮೆ ಕಪ್ಪಾದದ್ದು ತಾನಾಗಿ ಮತ್ತೆ ಬೆಳ್ಳಗಾಗದು, ಹಾಗಾಗಿ ನಡುವೆ ಕರೆಂಟ್ ಹೋದರೂ ಲೆಕ್ಕ ತಪ್ಪುವುದಿಲ್ಲ. ಈ ವಿಧಾನದ ದೊಡ್ಡ ಲಾಭವೇ ಅದು.

650 ನ್ಯಾನೋಮೀಟರ್ ಆಸುಪಾಸಿನ ಕೆಂಪು ಎಲ್‌ಇಡಿ, ಫೋಟೋಡಯೋಡ್, 16 ಬಿಟ್‌ನ ಎಡಿಎಸ್1115 (ವೋಲ್ಟೇಜನ್ನು ಅಂಕಿಗೆ ಬದಲಿಸುವ ಚಿಪ್) ಇಷ್ಟೇ ಸರ್ಕ್ಯೂಟ್. ಎಲ್‌ಇಡಿ ಆಫ್ ಮಾಡಿ ಒಂದು ರೀಡಿಂಗ್ ತೆಗೆದು ಕಳೆದರೆ ಕೋಣೆಯ ಬೆಳಕಿನ ಕಾಟ ಇರದು. ಬಿಸಿ ಏರಿದರೆ ಎಲ್‌ಇಡಿ ಮಂಕಾಗುತ್ತದೆ. ಅದಕ್ಕೆ ಅದೇ ಎಲ್‌ಇಡಿಯಿಂದ ಬೆಳಕು ಪಡೆಯುವ, ಅನಿಲ ತಾಗದಂತೆ ಬೆಳ್ಳಿಯ ಮೇಲೆ ಲ್ಯಾಕರ್ ಬಳಿದ ಇನ್ನೊಂದು ಫೈಬರ್ ಇಟ್ಟು ಅನುಪಾತ ನೋಡುತ್ತೇವೆ.

ಸಿಕ್ಕಿಬಿದ್ದಿರುವುದು ಕ್ಲ್ಯಾಡಿಂಗ್ ತೆಗೆಯುವಲ್ಲಿ. ಅಸಿಟೋನ್ ಸ್ವಲ್ಪ ಹೆಚ್ಚು ಹೊತ್ತು ತಾಗಿದರೂ ಕೋರ್ (ಒಳತಿರುಳು) ಮೇಲೆ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಬೆಳಕು ಅಲ್ಲೇ ಚದುರುತ್ತದೆ. ಫೈಬರ್ ಬಾಗಿದ್ದರಂತೂ ಇನ್ನೂ ಬೇಗ. ನೀರು ಬೆರೆಸಿದ ಅಸಿಟೋನ್‌ನಲ್ಲಿ ಯಾವ ಪ್ರಮಾಣ, ಎಷ್ಟು ಸೆಕೆಂಡ್ ನಿಮಗೆ ಸರಿಹೋಗಿದೆ? ಸ್ಪಟರಿಂಗ್ ಯಂತ್ರವಿಲ್ಲದೆ (ನಿರ್ವಾತದಲ್ಲಿ ಲೋಹ ಲೇಪಿಸುವ ಯಂತ್ರ) ಟಾಲೆನ್ಸ್ ದ್ರಾವಣದಿಂದ (ಸಿಲ್ವರ್ ನೈಟ್ರೇಟ್ ಮತ್ತು ಅಮೋನಿಯಾದಿಂದ ಮಾಡುವ ದ್ರಾವಣ) ಬೆಳ್ಳಿಯನ್ನು ಎಲ್ಲೆಡೆ ಒಂದೇ ದಪ್ಪಕ್ಕೆ ಕೂರಿಸಿದವರಿದ್ದರೆ ದಯವಿಟ್ಟು ಕ್ರಮ ತಿಳಿಸಿ. ಲೇಪನ ದಪ್ಪವಾದರೆ ಸೆನ್ಸರ್ ತೀರಾ ನಿಧಾನ, ತೆಳುವಾದರೆ ಬೇಗ ಮುಗಿದುಹೋಗುತ್ತದೆ.