‘ತಡೆಹಿಡಿಯಲಾಗಿದೆ’ ಅಂದರೆ ಕೈಬಿಟ್ಟರೋ, ಮುಂದಕ್ಕೆ ಹಾಕಿದರೋ?

ಎಲ್ಲರಿಗೂ ನಮಸ್ಕಾರ.

ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ರೇಷನ್ ಕಾರ್ಡು, ಪಿಂಚಣಿ, ಖಾತೆ ಬದಲಾವಣೆ, ನಳದ ಕನೆಕ್ಷನ್ನು ಅಂತ ದಿನವಿಡೀ ಅರ್ಜಿ ಟೈಪ್ ಮಾಡುತ್ತೇನೆ. ಕಚೇರಿ ಕನ್ನಡ ನನಗೆ ಹೊಸದೇನಲ್ಲ. ಆದರೂ ‘ತಡೆಹಿಡಿ’ ಅನ್ನುವ ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಲೇಬೇಕಾಗಿದೆ. ಅದರ ಅರ್ಥ ಸರಿಯಾಗಿ ತಿಳಿಯದೆ ನಮ್ಮ ಓಣಿಯವರು ಎಂಟು ತಿಂಗಳು ಸುಮ್ನೆ ಕೂತರು.

ನಮ್ಮ ಓಣಿಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಐದು ಕಂಬ ಇವೆ. ದೀಪ ಉರಿಯುವುದು ಎರಡರಲ್ಲಿ ಮಾತ್ರ. ನಡುವೆ ಒಂದು ಖಾಲಿ ಸೈಟು, ತುಂಬ ಜಾಲಿ ಕಂಟಿ. ಹೋದ ವರ್ಷ ಬೇಸಿಗೆಯಲ್ಲಿ ಅಲ್ಲೇ ಒಬ್ಬರ ಕೊರಳಿನ ಸರ ಕಿತ್ತುಕೊಂಡು ಹೋದರು. ಅದೇ ತಿಂಗಳು ಎರಡು ಬೈಕು ಕಳುವಾದವು. ಓಣಿಯವರೆಲ್ಲ ಸೇರಿ ಪುರಸಭೆಗೆ ಅರ್ಜಿ ಕೊಟ್ಟರು. ದೀಪ ಹಾಕಿಸಿ, ತಿರುವಿನಲ್ಲಿ ಒಂದು ಸಿಸಿಟಿವಿ ಕ್ಯಾಮೆರಾ ಕೂರಿಸಿ, ಕಂಟಿ ಕಡಿಸಿ ಅಂತ. ಟೈಪ್ ಮಾಡಿದ್ದು ನಾನೇ. ಮೂವತ್ತೊಂದು ಸಹಿ, ಒಂಬತ್ತು ಹೆಬ್ಬೆಟ್ಟು.

ಜುಲೈನಲ್ಲಿ ಉತ್ತರ ಬಂತು. ಒಂದೇ ಒಂದು ವಾಕ್ಯ. ಅಪರಾಧ ತಡೆಯ ದೃಷ್ಟಿಯಿಂದ ಕೋರಿರುವ ಕಾಮಗಾರಿಗಳನ್ನು ಪ್ರಸಕ್ತ ಸಾಲಿನ ಆಯವ್ಯಯದ ಒತ್ತಡದ ಹಿನ್ನೆಲೆಯಲ್ಲಿ ತಡೆಹಿಡಿಯಲು ಸಭೆಯು ಠರಾಯಿಸಿದೆ, ಅಂತ.

ಪಕ್ಕದ ಮನೆ ಕಾಕು ಅಂಗಡಿಗೆ ಬಂದಿದ್ದರು. ಸರ ಹೋಗಿದ್ದು ಅವರ ಸೊಸೆಯದೇ. ‘ಏನ್ ಬರದಾರ ತಂಗಿ?’ ಅಂದರು. ನಾನು ಗಟ್ಟಿಯಾಗಿ ಓದಿದೆ. ಅವರು ಒಂದು ಗಳಿಗೆ ಯೋಚನೆ ಮಾಡಿ, ‘ತಡೀರಿ ಅಂದಾರ, ಹೌದಿಲ್ಲೋ? ಆತು, ತಡ್ಯೂಣಂತ. ಇಷ್ಟ್ ದಿನ ತಡದೀವಿ’ ಅಂದರು. ಒಂದು ಜೆರಾಕ್ಸ್ ಮಾಡಿಸಿಕೊಂಡು, ನಾಲ್ಕು ಮಡಿಕೆ ಮಡಚಿ, ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡು ಹೋದರು. ನಾನು ತಿದ್ದಲಿಲ್ಲ. ಯಾಕಂದರೆ ನನಗೂ ಹಾಗೇ ಅನಿಸಿತ್ತು. ಈಗ ಹಣ ಇಲ್ಲ, ಬಂದ ಮೇಲೆ ಮಾಡುತ್ತಾರೆ ಅಂತ.

ಮಾರ್ಚಿನಲ್ಲಿ ವಿಚಾರಿಸಲು ಹೋದಾಗ ಅಲ್ಲಿನ ಸಿಬ್ಬಂದಿಯೊಬ್ಬರು ಸಮಾಧಾನವಾಗಿಯೇ ಬಿಡಿಸಿ ಹೇಳಿದರು. ‘ತಡೆಹಿಡಿದೀವಿ ಅಂದ್ರ ಪಟ್ಟಿಯೊಳಗಿಂದ ತಗದೀವಿ ಅಂತರಿ ಅಕ್ಕಾರ. ಮತ್ತ ಬೇಕಂದ್ರ ಹೊಸಾ ಅರ್ಜಿ ಕೊಡಬೇಕು’. ಅಂದರೆ ಕೈಬಿಟ್ಟ ಹಾಗೆಯೇ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಏಪ್ರಿಲ್ 1ಕ್ಕೆ ಹೊಸದು ಶುರು. ಹಳೆ ವರ್ಷದಲ್ಲಿ ತಡೆಹಿಡಿದ ಕೆಲಸ ತಾನಾಗಿ ಹೊಸ ವರ್ಷಕ್ಕೆ ನಡೆದು ಬರುವುದಿಲ್ಲ. ಮತ್ತೆ ಯಾರಾದರೂ ಕೇಳಬೇಕು. ಇದು ಜುಲೈನಲ್ಲೇ ಗೊತ್ತಾಗಿದ್ದರೆ ಹೊಸ ಬಜೆಟ್ ಸಿದ್ಧವಾಗುವ ಮೊದಲೇ ಇನ್ನೊಂದು ಅರ್ಜಿ ಕೊಡುತ್ತಿದ್ದೆವು.

ಈಗ ಪದಕ್ಕೆ ಬರುತ್ತೇನೆ. ‘ತಡೆ’ಗೆ ನಮ್ಮ ಕಡೆ ಎಷ್ಟು ಅರ್ಥ ಇವೆ ನೋಡಿ. ‘ತಡಿ, ಬಂದೆ’ ಅಂದರೆ ಸ್ವಲ್ಪ ಕಾಯಿ. ‘ನೋವು ತಡಕೊಳ್ಳಾಕ ಆಗವಲ್ದು’ ಅಂದರೆ ಸಹಿಸಲು ಆಗುತ್ತಿಲ್ಲ. ‘ದಾರಿ ತಡದು ನಿಲ್ಲಿಸಿದ್ರು’ ಅಂದರೆ ಅಡ್ಡಗಟ್ಟಿದರು. ಕೋರ್ಟಿನ ತಡೆಯಾಜ್ಞೆ ಇದೆ, ಹೊಳೆ ದಂಡೆಯ ತಡೆಗೋಡೆ ಇದೆ. ಕಾಯುವುದು, ಸಹಿಸುವುದು, ಅಡ್ಡ ನಿಲ್ಲುವುದು, ಮೂರೂ ಒಂದೇ ಪದದಲ್ಲಿ. ದಿನದ ಮಾತಿನಲ್ಲಿ ಜಾಸ್ತಿ ಕೇಳುವುದು ಮೊದಲನೆಯದು. ಹೀಗಿರುವಾಗ ಕಾಕು ತಪ್ಪು ತಿಳಿದರು ಅಂತ ನಾನು ಹೇಳಲಾರೆ. ಅವರು ತಮ್ಮ ಕನ್ನಡದಲ್ಲಿ ಸರಿಯಾಗಿಯೇ ಓದಿದರು.

‘ತಡೆಹಿಡಿ’ ಅಂತ ಎರಡೂ ಸೇರಿದಾಗ ಅರ್ಥ ಇನ್ನಷ್ಟು ಬಿಗಿಯಾಗುತ್ತದೆ. ಪರೀಕ್ಷೆ ಫಲಿತಾಂಶ ತಡೆಹಿಡಿದಿದ್ದಾರೆ ಅನ್ನುತ್ತೇವೆ. ಫಲಿತಾಂಶ ಸಿದ್ಧ ಇದೆ, ಕೊಟ್ಟಿಲ್ಲ ಅಷ್ಟೆ. ನೌಕರರ ವಾರ್ಷಿಕ ವೇತನ ಬಡ್ತಿ ತಡೆಹಿಡಿಯುವುದು ಅನ್ನುತ್ತೇವೆ. ಅದೊಂದು ಶಿಕ್ಷೆ, ಬರಬೇಕಾಗಿದ್ದ ಹಣ ನಿಲ್ಲಿಸುವುದು. ಬಿಲ್ಲು ತಡೆಹಿಡಿದರು ಅಂದರೂ ಹಾಗೇ. ಪ್ರತಿ ಸಲ ಕೈಯಲ್ಲಿ ಏನೋ ಒಂದು ಇರುತ್ತದೆ, ಅದನ್ನು ಬಿಡದೆ ಹಿಡಿದಿರುತ್ತಾರೆ. ಹಿಡಿ ಅನ್ನುವ ಪದ ಸುಮ್ನೆ ಸೇರಿಲ್ಲ. ನಮ್ಮ ಓಣಿಯ ದೀಪದ ವಿಷಯದಲ್ಲಿ ಹಿಡಿಯಲು ಏನಿತ್ತು? ಟೆಂಡರ್ ಕರೆದಿರಲಿಲ್ಲ, ಹಣ ತೆಗೆದಿಟ್ಟಿರಲಿಲ್ಲ. ಇಲ್ಲದ್ದನ್ನು ತಡೆಹಿಡಿಯಲು ಬರುವುದಿಲ್ಲ. ಈ ಜಾಗದಲ್ಲಿ ಆ ಪದ ತಪ್ಪು ಅಂತ ನನ್ನ ಅಭಿಪ್ರಾಯ. ಬೇರೆ ಥರ ಅನಿಸಿದವರು ದಯವಿಟ್ಟು ಹೇಳಿ.

ಬರೆದವರ ಕಷ್ಟವೂ ನನಗೆ ಅರ್ಥವಾಗುತ್ತದೆ. 1964ರ ಪುರಸಭೆಗಳ ಕಾಯ್ದೆಯಲ್ಲಿ ಬೀದಿಗೆ ದೀಪ ಹಾಕುವುದು ಕಡ್ಡಾಯ ಕೆಲಸಗಳ ಸಾಲಿನಲ್ಲೇ ಇದೆ. ಕಡ್ಡಾಯದ ಕೆಲಸವನ್ನು ‘ಕೈಬಿಟ್ಟಿದ್ದೇವೆ’ ಅಂತ ಬರೆಯಲು ಯಾರಿಗೂ ಕೈ ಬರುವುದಿಲ್ಲ. ‘ಮುಂದೂಡಿದ್ದೇವೆ’ ಅಂದರೆ ಎಲ್ಲಿಯವರೆಗೆ ಅಂತ ಕೇಳುತ್ತಾರೆ. ಎರಡರ ನಡುವೆ ಈ ಪದ ಸಿಗುತ್ತದೆ. ಆದರೆ ಬರೆದವರಿಗೆ ಅನುಕೂಲವಾದ ಪದ ಓದಿದವರ ಎಂಟು ತಿಂಗಳು ತಿಂದಿತು. ನನಗೆ ನೋವಾಗಿರುವುದು ಅದಕ್ಕೇ.

ಅದೇ ವಾಕ್ಯದ ಮೊದಲಲ್ಲಿ ‘ಅಪರಾಧ ತಡೆ’ ಇದೆ. ಇಲ್ಲಿರುವುದು ಅಡ್ಡ ನಿಲ್ಲುವ ತಡೆ. ಡಿಸೆಂಬರ್ ಬಂತೆಂದರೆ ಪೊಲೀಸರು ಅಪರಾಧ ತಡೆ ಮಾಸಾಚರಣೆ ಮಾಡುತ್ತಾರೆ, ಬ್ಯಾನರ್ ಕಟ್ಟುತ್ತಾರೆ, ಶಾಲೆ ಮಕ್ಕಳಿಗೆ ತಿಳಿಹೇಳುತ್ತಾರೆ. ಪದ ಅಲ್ಲಿಂದ ಎಲ್ಲರಿಗೂ ಪರಿಚಯ. ಆದರೆ ಊರಿನ ಸಭೆ ಮಾಡುವ ತಡೆಯೇ ಬೇರೆ, ಠಾಣೆ ಮಾಡುವ ತಡೆಯೇ ಬೇರೆ. ಪೊಲೀಸ್ ರಾಜ್ಯ ಸರ್ಕಾರದ ವಿಷಯ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳ ಪಾಲಿಗೆ 18 ವಿಷಯ ಇವೆ. ಅದರಲ್ಲಿ ಪೊಲೀಸ್ ಇಲ್ಲ, ಬೀದಿ ದೀಪ ಇದೆ. ಕಳ್ಳರನ್ನು ಹಿಡಿಯುವುದು ಒಬ್ಬರ ಕೆಲಸ, ಕತ್ತಲು ಕಳೆಯುವುದು ಇನ್ನೊಬ್ಬರ ಕೆಲಸ. ಕತ್ತಲು ಕಳೆಯುವುದಕ್ಕೆ ‘ತಡೆಗಟ್ಟು’ ಅನ್ನುವುದು ಚೆನ್ನಾಗಿ ಒಪ್ಪುತ್ತದೆ ಅಂತ ನನಗೆ ಅನಿಸುತ್ತದೆ. ತಡೆಯನ್ನು ಕಟ್ಟುವುದು. ಮಳೆ ಬರುವ ಮೊದಲೇ ಹೊಲಕ್ಕೆ ಒಡ್ಡು ಹಾಕಿದ ಹಾಗೆ. ಹಣ ಕಡಿಮೆ ಬಿದ್ದಾಗ ಮೊದಲು ನಿಲ್ಲುವುದೂ ಇಂಥ ಒಡ್ಡಿನ ಕೆಲಸವೇ, ಯಾಕಂದರೆ ಅದರಿಂದ ಆಗುವ ಲಾಭ ಯಾರ ಕಣ್ಣಿಗೂ ಬೀಳುವುದಿಲ್ಲ. ಆಗದೇ ಹೋದ ಕಳವನ್ನು ಯಾರು ಎಣಿಸುತ್ತಾರೆ?

‘ಆಯವ್ಯಯದ ಒತ್ತಡ’ದ ಬಗ್ಗೆ ಒಂದೇ ಮಾತು. ಒತ್ತಡ ಅಂದರೆ ನಮ್ಮ ಓಣಿಯಲ್ಲಿ ಬಿಪಿ. ಇಲ್ಲವೇ ಮೇಲಿನವರು ಹೇರುವ ಒತ್ತಾಯ. ಕಾಕುಗೆ ಆ ಭಾಗ ಕಿವಿಗೆ ಬಿದ್ದೇ ಇಲ್ಲ. ‘ಹಣದ ಮುಗ್ಗಟ್ಟಿನಿಂದ’ ಅಂತ ಬರೆಯಬಹುದಿತ್ತು, ‘ರೊಕ್ಕದ ಅಡಚಣಿ’ ಅಂದರೆ ಇನ್ನೂ ಬೇಗ ತಿಳಿಯುತ್ತದೆ. ಬಜೆಟ್ ಖೋತಾ ಅಂದರೂ ಎಲ್ಲರಿಗೂ ಗೊತ್ತು, ಸಂಬಳ ಖೋತಾ ಆದದ್ದನ್ನು ಕಂಡವರೇ ಎಲ್ಲ.

ಆದರೆ ಕೊನೆಯ ‘ಠರಾಯಿಸಿದೆ’ ಕಾಕುಗೆ ತಕ್ಷಣ ತಿಳಿಯಿತು. ಠರಾವು ಪಾಸ್ ಆಯಿತು ಅಂದರೆ ಮಾತು ಮುಗಿಯಿತು ಅಂತ ನಮ್ಮ ಕಡೆ ಓದು ಬರದವರಿಗೂ ಗೊತ್ತು. ಇದು ಮರಾಠಿಯ ‘ಠರಣೆ’ಯಿಂದ ಬಂದದ್ದು, ಗಟ್ಟಿಯಾಗುವುದು, ನಿಶ್ಚಯವಾಗುವುದು ಅಂತ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಹಾವೇರಿ, ಗದಗ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಪದ ಮಾತ್ರ ಮೂರೂ ಕಡೆ ಉಳಿದಿದೆ. ಮೈಸೂರು ಕಡೆಯವರು ಇದಕ್ಕೆ ಗೊತ್ತುವಳಿ ಅನ್ನುತ್ತೀರಿ, ಅಲ್ವಾ? ನೋಡಿ, ಅದೂ ‘ಗೊತ್ತು ಮಾಡು’ವುದರಿಂದಲೇ ಬಂದದ್ದು, ಮದುವೆ ಗೊತ್ತಾಯಿತು ಅನ್ನುತ್ತೇವಲ್ಲ ಹಾಗೆ. ಪದ ಬೇರೆ ಬೇರೆ, ಒಳಗಿನ ಯೋಚನೆ ಒಂದೇ. ಇದನ್ನು ಕಂಡಾಗ ನನಗೆ ತುಂಬ ಖುಷಿಯಾಯಿತು.

ಸಭೆಯನ್ನೋ ಕೆಲಸವನ್ನೋ ಇನ್ನೊಂದು ದಿನಕ್ಕೆ ಇಡುವುದಕ್ಕೆ ನಮ್ಮ ಅಜ್ಜ ‘ತಹಕೂಬ’ ಅನ್ನುತ್ತಿದ್ದರು. ಇದೂ ಮರಾಠಿಯಲ್ಲಿ ಇದೆ. ತಹಕೂಬ ಆಯಿತು ಅಂದರೆ ಮತ್ತೆ ಕೂಡುತ್ತಾರೆ ಅಂತಲೇ ಅರ್ಥ, ಬಿಟ್ಟರು ಅಂತ ಅಲ್ಲ. ಹುಬ್ಬಳ್ಳಿ, ಧಾರವಾಡ, ಗದಗ ಕಡೆಯವರು ಈಗಲೂ ಇದನ್ನು ಬಳಸುತ್ತೀರಾ? ಕಾಗದದಲ್ಲಿ ನೋಡಿದ್ದೀರಾ, ಇಲ್ಲಾ ಬರೀ ಮಾತಿನಲ್ಲಾ? ಕರಾವಳಿಯಲ್ಲಿ, ಮೈಸೂರಿನಲ್ಲಿ ‘ತಡೆಹಿಡಿಯಲಾಗಿದೆ’ ಅಂತ ಉತ್ತರ ಬಂದರೆ ಮನೆಯಲ್ಲಿ ಓದಿದವರು ಏನು ಅಂದುಕೊಳ್ಳುತ್ತಾರೆ? ಕಚೇರಿಯಲ್ಲಿ ಕೆಲಸ ಮಾಡುವವರು ಇಲ್ಲಿ ಇದ್ದರೆ ಅವರಿಂದ ಇನ್ನೊಂದು ವಿಷಯ ತಿಳಿಯಬೇಕು. ‘ಈ ವರ್ಷದ ಪಟ್ಟಿಯಿಂದ ಕೈಬಿಡಲಾಗಿದೆ, ಮುಂದಿನ ವರ್ಷಕ್ಕೆ ಹೊಸ ಅರ್ಜಿ ಕೊಡಿ’ ಅಂತ ನೇರವಾಗಿ ಬರೆಯಲು ನಿಯಮದಲ್ಲಿ ಏನಾದರೂ ಅಡ್ಡಿ ಇದೆಯಾ?

ಹೊಸ ಅರ್ಜಿ ಅರ್ಧ ಟೈಪ್ ಆಗಿದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ‘ಈ ಕೆಲಸ ಆಗುತ್ತದೆಯೋ ಇಲ್ಲವೋ, ಆಗುವುದಾದರೆ ಯಾವ ತಿಂಗಳು ಎಂದು ತಿಳಿಸಬೇಕಾಗಿ ವಿನಂತಿ’. ಕಾಕು ಅದನ್ನು ಎರಡು ಸಲ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದ್ದಾರೆ. ಗುರುವಾರ ಕೊಡಬೇಕು. ಅದರೊಳಗೆ ಯಾರಾದರೂ ಇನ್ನೂ ಸರಿಯಾದ ಪದ ಹೇಳಿದರೆ ತಿದ್ದುತ್ತೇನೆ.