ಇಂಟಿಗ್ರೇಷನ್ ಬರುತ್ತೆ, ಫಿಸಿಕ್ಸ್ ಲೆಕ್ಕ ಬರಲ್ಲ: ಗೊತ್ತಿದ್ದವರು ಹೇಳಿ

ಪ್ರಶ್ನೆ: ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಅಮೆರಿಕದಲ್ಲಿ ಎಂಜಿನಿಯರಿಂಗ್ ಸೇರಿದ್ದೇನೆ. ಈ ಸಲ ಕ್ಯಾಲ್ಕುಲಸ್ ಸಹಿತ ವಿದ್ಯುತ್, ಕಾಂತತ್ವ, ಬೆಳಕು. ಇಂಟಿಗ್ರಲ್ ಕೊಟ್ಟರೆ ಬಿಡಿಸುತ್ತೇನೆ, ಲೆಕ್ಕ ಓದಿ ಅದನ್ನು ಬರೆಯಲು ಬರಲ್ಲ. ಲೆನ್ಸ್ ಉತ್ತರಗಳೂ ತಪ್ಪುತ್ತಿವೆ.

ಉತ್ತರ: ಮೊದಲು ಚಾರ್ಜ್ ಇರುವ ಉಂಗುರದ ಲೆಕ್ಕವೊಂದನ್ನು ಗಟ್ಟಿ ಮಾಡಿಕೊಳ್ಳಿ. ತ್ರಿಜ್ಯ ಆರ್, ಒಟ್ಟು ಚಾರ್ಜ್ ಕ್ಯೂ, ಅಕ್ಷದ ಮೇಲೆ ಕೇಂದ್ರದಿಂದ ಎಕ್ಸ್ ದೂರದಲ್ಲಿ ಬಿಂದು. ಉಂಗುರದ ಒಂದು ಚೂರಿಗೆ ಡಿಕ್ಯೂ ಎಂದು ಗುರುತು ಹಾಕಿ, ಬಿಂದುವಿನಲ್ಲಿ ಅದರ ವಿದ್ಯುತ್ ಫೀಲ್ಡ್‌ನ ಬಾಣ ಎಳೆಯಿರಿ. ಎದುರುಬದುರು ಚೂರುಗಳ ಅಡ್ಡ ಭಾಗ ಹೊಡೆದುಹೋಗುತ್ತೆ. ಅಕ್ಷದ ಭಾಗ ಉಳಿಯುತ್ತೆ, ಅದಕ್ಕೆ ಕಾಸ್ ಥೀಟಾ (ಥೀಟಾ ಎಂದರೆ ಬಾಣಕ್ಕೂ ಅಕ್ಷಕ್ಕೂ ನಡುವಿನ ಕೋನ), ಅಂದರೆ ಎಕ್ಸ್ ಭಾಗಿಸು ಚೂರಿನಿಂದ ಬಿಂದುವಿಗಿರುವ ದೂರ. ಎಲ್ಲ ಚೂರಿಗೂ ದೂರ ಒಂದೇ ಆದ್ದರಿಂದ ಡಿಕ್ಯೂಗಳನ್ನು ಕೂಡಿದರೆ ಸಾಕು: ಕೆ ಕ್ಯೂ ಎಕ್ಸ್ ಭಾಗಿಸು ಆ ದೂರದ ಘನ (ಕೆ ಎಂದರೆ ಕೂಲಂಬ್ ಸ್ಥಿರಾಂಕ). ಇಂಟಿಗ್ರೇಷನ್ ಹೆಸರಿಗಷ್ಟೇ! ಈಗ ಪರೀಕ್ಷಿಸಿ. ಎಕ್ಸ್ ಸೊನ್ನೆಯಾದರೆ ಫೀಲ್ಡ್ ಸೊನ್ನೆ; ಎಕ್ಸ್ ತುಂಬಾ ದೊಡ್ಡದಾದರೆ ಕೆ ಕ್ಯೂ ಭಾಗಿಸು ಎಕ್ಸ್ ವರ್ಗ. ಕಾಸ್ ಬಿಟ್ಟಿದ್ದರೆ ಕೇಂದ್ರದಲ್ಲಿ ಸೊನ್ನೆ ಬರಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ. ತಟ್ಟೆಯೆಂದರೆ ಇಂಥ ಉಂಗುರಗಳ ಸಾಲು; ಡಿಕ್ಯೂ = ಸಿಗ್ಮಾ × 2 ಪೈ ಆರ್ ಡಿಆರ್ (ಸಿಗ್ಮಾ ಎಂದರೆ ಒಂದು ಚದರ ಘಟಕಕ್ಕೆ ಇರುವ ಚಾರ್ಜ್; ಇಲ್ಲಿ ಆರ್ ಆಯಾ ಉಂಗುರದ ತ್ರಿಜ್ಯ). ಅಲ್ಲಿ ಮತ್ತು ಸರಳಿನಲ್ಲಿ ದೂರ ಚೂರಿನಿಂದ ಚೂರಿಗೆ ಬದಲಾಗುತ್ತೆ, ಅದನ್ನು ಇಂಟಿಗ್ರಲ್ ಹೊರಗೆ ತರಬೇಡಿ.

ಇನ್ನೊಬ್ಬರು: ಗೌಸ್ ನಿಯಮದ ಬಗ್ಗೆ ಒಂದು ಮಾತು: ಮುಚ್ಚಿದ ಮೇಲ್ಮೈಯಿಂದ ಹೊರಬರುವ ಒಟ್ಟು ಫೀಲ್ಡ್, ಅಂದರೆ ಫ್ಲಕ್ಸ್, ಒಳಗಿನ ಚಾರ್ಜ್‌ಗೆ ಅನುಪಾತದಲ್ಲಿರುತ್ತೆ. ಅದು ಯಾವಾಗಲೂ ನಿಜ, ಆದರೆ ಫೀಲ್ಡ್ ಕಂಡುಹಿಡಿಯಲು ಸಮ್ಮಿತಿ ಇರಬೇಕು: ಗೋಳ, ಅನಂತ ಉದ್ದದ ಸಿಲಿಂಡರ್, ಅನಂತ ಹಾಳೆ. ಚಿಕ್ಕ ಸರಳಿಗೆ ಅದನ್ನು ಹಚ್ಚಬೇಡಿ. ಚಾರ್ಜ್ ಸಮವಾಗಿ ತುಂಬಿದ ಗೋಳದಲ್ಲಿ ಅರ್ಧ ತ್ರಿಜ್ಯದೊಳಗೆ ಇರುವುದು ಒಟ್ಟು ಚಾರ್ಜ್‌ನ 1/8. ಅರ್ಧ ಎಂದು ಬರೆದರೆ ಮುಂದಿನದೆಲ್ಲ ಹಾಳು. ತೆಳು ಹಾಳೆಗೆ ಫೀಲ್ಡ್ ಸಿಗ್ಮಾ ಭಾಗಿಸು 2 ಎಪ್ಸಿಲಾನ್ (ಎಪ್ಸಿಲಾನ್ ಒಂದು ಸ್ಥಿರಾಂಕ), ವಾಹಕದ ಮೇಲ್ಮೈಗೆ ಆ 2 ಇಲ್ಲ, ಯಾಕೆಂದರೆ ಒಳಗಡೆ ಫೀಲ್ಡ್ ಸೊನ್ನೆ, ಫ್ಲಕ್ಸ್ ಎಲ್ಲ ಒಂದೇ ಕಡೆಗೆ.

ಮತ್ತೊಬ್ಬರು: ನಿಮ್ಮ ಲೆನ್ಸ್ ತೊಂದರೆ ಬಹುಶಃ ಚಿಹ್ನೆಯದು. ಪಿಯುಸಿಯಲ್ಲಿ 1/ವಿ − 1/ಯು = 1/ಎಫ್ (ಯು ವಸ್ತುವಿನ ದೂರ, ವಿ ಬಿಂಬದ ದೂರ, ಎಫ್ ಸಂಗಮ ದೂರ), ಯು ಋಣ. ಅಮೆರಿಕದ ಪಠ್ಯಗಳಲ್ಲಿ ಸಾಮಾನ್ಯವಾಗಿ ಎರಡನ್ನೂ ಕೂಡುತ್ತಾರೆ, ನಿಜವಾದ ವಸ್ತುವಿನ ದೂರ ಧನ. ಎಫ್ 20 ಸೆಂ.ಮೀ., ವಸ್ತು 30 ಸೆಂ.ಮೀ. ಆದರೆ ಎರಡೂ ದಾರಿಯಲ್ಲಿ ಬಿಂಬದ ದೂರ 60 ಸೆಂ.ಮೀ. ಬರಬೇಕು. ಕೂಡುವ ಸೂತ್ರಕ್ಕೆ −30 ಹಾಕಿದರೆ 12 ಬರುತ್ತೆ. ಪಿಯುಸಿ ಸೂತ್ರವನ್ನು ಈ ಸೆಮಿಸ್ಟರ್ ಪೂರ್ತಿ ಬದಿಗಿಡಿ. ಬೆಳಕು ಹಾಯುವ ಸೀಳುಗಳ ಲೆಕ್ಕದಲ್ಲೂ ಇಂಥದ್ದೇ ಗೊಂದಲ: ಎರಡು ಸೀಳಿಗೆ, ಅವುಗಳ ನಡುವಿನ ದೂರ ಡಿ, ತರಂಗದೂರ ಲ್ಯಾಂಬ್ಡಾ, ಎಮ್ ಪೂರ್ಣಾಂಕ ಆದರೆ, ಡಿ ಸೈನ್ ಥೀಟಾ = ಎಮ್ ಲ್ಯಾಂಬ್ಡಾ ಅಂದರೆ ಬೆಳಕಿನ ಪಟ್ಟಿ. ಒಂದೇ ಸೀಳಿಗೆ, ಅಗಲ ಎ ಆದರೆ, ಎ ಸೈನ್ ಥೀಟಾ = ಎಮ್ ಲ್ಯಾಂಬ್ಡಾ ಕತ್ತಲೆಯ ಪಟ್ಟಿ; ಅಲ್ಲಿ ಎಮ್‌ಗೆ ಸೊನ್ನೆ ಹಾಕಬಾರದು, ನಟ್ಟನಡುವೆ ಇರುವುದು ಅತಿ ಪ್ರಖರ ಬೆಳಕು.