ಕ್ಯಾಮೆರಾ ಹಂಚಿಕೆ: ಕರಡು ನಕ್ಷೆಗೆ ಆಕ್ಷೇಪಗಳು

1ನೇ ಕ್ರಾಸ್: ಎಲ್ಲರಿಗೂ ನಮಸ್ಕಾರ. ಕಳ್ಳತನದ ಮೇಲೆ ಕಣ್ಣಿಡಲು ನಮ್ಮ ಬಡಾವಣೆಗೆ 8 ಸಿಸಿಟಿವಿ ಕ್ಯಾಮೆರಾ ಹಾಕುವಷ್ಟು ಚಂದಾ ಸೇರಿದೆ. ಠಾಣೆಗೆ ಹೋದ ದೂರುಗಳನ್ನು ನೋಡಿ 5 ಕ್ಯಾಮೆರಾ 1, 2ನೇ ಕ್ರಾಸ್‌ಗೆ, 3 ಮುಖ್ಯ ಗೇಟ್‌ಗೆ ಅಂತ ಗುರುತು ಹಾಕಿದ್ದೇವೆ.

6ನೇ ಕ್ರಾಸ್: ಇದನ್ನ ಒಪ್ಪಕ್ಕಾಗಲ್ಲ ಸಾರ್. ದೂರಿನ ಪಟ್ಟಿಯಿಂದ ಯಾರು ದೂರು ಕೊಡ್ತಾರೆ ಅನ್ನೋದು ಗೊತ್ತಾಗುತ್ತೆ, ಕಳ್ಳತನ ಎಲ್ಲೆಲ್ಲಿ ಆಗುತ್ತೆ ಅನ್ನೋದಲ್ಲ. ಈ ಕಡೆ ಬಾಡಿಗೆಯವರು ಜಾಸ್ತಿ. ಸೈಕಲ್ ಹೋಯ್ತು ಅಂತ ಯಾರೂ ಠಾಣೆ ಮೆಟ್ಟಿಲು ಹತ್ತಲ್ಲ. ಕ್ಯಾಮೆರಾ ಇರೋ ಕಡೆನೇ ಮತ್ತೆ ಹೆಚ್ಚು ಘಟನೆ ಸಿಗೋದು, ಮುಂದಿನ ಸಲವೂ ಪಟ್ಟಿ ಅಲ್ಲಿಗೇ ಬೊಟ್ಟು ಮಾಡುತ್ತೆ.

4ನೇ ಕ್ರಾಸ್: ಕಳ್ಳ ಯಾವ ದಾರಿಲಿ ಹೋಗ್ತಾನೆ ಅಂತ ಊಹಿಸೋದೇ ಬೇಡ. ಹೊರಗೆ ಹೋಗಲು ಮೂರೇ ದಾರಿ: ಮುಖ್ಯ ಗೇಟ್, ರಾಜಕಾಲುವೆ ಪಕ್ಕದ ಕಾಲುದಾರಿ, ಪಾರ್ಕ್ ಹಿಂದಿನ ಸಂದಿ. ಒಂದೊಂದು ಕ್ರಾಸ್‌ನಿಂದ ಒಂದೊಂದು ದಾರಿ ಹಿಡಿದರೆ ಎಷ್ಟು ಕ್ಯಾಮೆರಾ ಕಣ್ಣಿಗೆ ಬೀಳ್ತಾನೆ ಅಂತ ಬರೆಯಿರಿ. ಅದರಲ್ಲಿ ಒಂದು ಕೆಟ್ಟಿದೆ ಅಂತ ಕಳೆಯಿರಿ. ಪ್ರತಿ ಕ್ರಾಸ್‌ಗೂ ಸಿಕ್ಕ ಅತಿ ಕಡಿಮೆ ಅಂಕಿಯನ್ನೇ ಹಿಡಿದು ನಕ್ಷೆಗಳನ್ನು ಹೋಲಿಸಿ. ಈಗಿನ ಕರಡಿನಲ್ಲಿ 6ನೇ ಕ್ರಾಸ್‌ನಿಂದ ಕಾಲುವೆ ಕಡೆ ಹೋದರೆ ಸೊನ್ನೆ. ಮೂರು ದಾರಿಗೂ ಎರಡೆರಡು ಹಾಕಿದರೆ ಯಾವ ಕ್ರಾಸ್‌ಗೂ 1ಕ್ಕಿಂತ ಕಡಿಮೆ ಬರಲ್ಲ. ಉಳಿದ 2 ಒಳಗಿನ ತಿರುವುಗಳಿಗೆ. ಜೋಡಿ ಕ್ಯಾಮೆರಾ ಎರಡನ್ನೂ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ (ಕ್ಯಾಮೆರಾ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ) ಕೊಡಬೇಡಿ, ಸ್ವಿಚ್ ಹೋದರೆ ಎರಡೂ ಹೋಗುತ್ತೆ.

3ನೇ ಕ್ರಾಸ್: ಲೆನ್ಸ್ ವಿಷಯ. ಅಪರಿಚಿತನ ಮುಖ ಗುರುತು ಹಿಡಿಯಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕೆ) ಬೇಕು. 4 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ, ಅಗಲಕ್ಕೆ ನೋಡುವ 2.8 ಎಂಎಂ ಲೆನ್ಸ್ ಇದ್ದರೆ ಅದು ಸುಮಾರು 4 ಮೀಟರ್ ದೂರದವರೆಗೆ ಸಿಗುತ್ತೆ, ಕಿರಿದಾಗಿ ದೂರಕ್ಕೆ ನೋಡುವ 6 ಎಂಎಂನಲ್ಲಿ ಸುಮಾರು 10. ಅದಕ್ಕೇ ಜೋಡಿಯಲ್ಲಿ ಒಂದು 6 ಎಂಎಂ ಇರಲಿ. ಎತ್ತರ 3 ಮೀಟರ್ ಸಾಕು. ಕಂಬದ ತುದಿಗೆ ಕಟ್ಟಿದರೆ ತಲೆ ಮಾತ್ರ ಕಾಣುತ್ತೆ. ಹೊಂಗೆ ಕೊಂಬೆ, ಜೇಡರಬಲೆ ಲೆನ್ಸ್ ಹತ್ತಿರ ಇದ್ದರೆ ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಚಿತ್ರ ಬೆಳ್ಳಗಾಗುತ್ತೆ, ತಿಂಗಳಿಗೊಮ್ಮೆ ಒರೆಸಲೇಬೇಕು. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಬಾರದು. ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ರೆಕಾರ್ಡ್ ಮಾಡಿದರೆ 8 ಕ್ಯಾಮೆರಾದ 30 ದಿನದ ವಿಡಿಯೊಗೆ ಸುಮಾರು 5.2 ಟಿಬಿ (ಟೆರಾಬೈಟ್) ಜಾಗ ಬೇಕು, ಹಾಗಾಗಿ 6 ಟಿಬಿ ಡಿಸ್ಕ್.

2ನೇ ಕ್ರಾಸ್: ತಿರುವಿನ ಕ್ಯಾಮೆರಾ ಎದುರಿನ ಮನೆಗಳ ಬಾಗಿಲು, ಕಿಟಕಿ ಚಿತ್ರದಲ್ಲಿ ಕಾಣದ ಹಾಗೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಕಪ್ಪು ಮಾಸ್ಕ್ ಹಾಕಿ. ಕಾಯೋದು ಎಲ್ಲರನ್ನೂ ಅಂದಮೇಲೆ ದಿನವಿಡೀ ಕ್ಯಾಮೆರಾ ಮುಂದೆ ಬದುಕೋದು ಎರಡು ಮನೆಯವರಿಗೆ ಮಾತ್ರ ಬೀಳಬಾರದು. ರೆಕಾರ್ಡಿಂಗ್ ನೋಡುವ ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ, ಅದರಲ್ಲಿ ಒಬ್ಬರು ಬಾಡಿಗೆಯವರು.

1ನೇ ಕ್ರಾಸ್: ಚಂದಾ ಹೆಚ್ಚು ಕೊಟ್ಟವರು ನಮ್ಮ ಕ್ರಾಸ್‌ನಲ್ಲಿ ಬೇಜಾರು ಮಾಡ್ಕೋತಾರೆ, ಮಾತಾಡ್ತೀನಿ. 4ನೇ ಕ್ರಾಸ್‌ನವರು ಎರಡೂ ನಕ್ಷೆಯ ಅಂಕಿ ಕಳಿಸಿ. ಶನಿವಾರ ಸಂಜೆ 7ಕ್ಕೆ, ಕತ್ತಲಾದ ಮೇಲೆ, ಟೇಪ್ ಹಿಡಿದು ಕಾಲುವೆ ಕಡೆಯಿಂದ ಅಳತೆ ಶುರು ಮಾಡೋಣ.